ತನಿ ಶುರುವಾದಾಗ ಏಳುವವರು

ಕರ್ನಾಟಕ ಸಂಗೀತದ ಕಚೇರಿಯಲ್ಲಿ ತನಿ ಆವರ್ತನ, ಅಂದರೆ ಲಯವಾದ್ಯದವರಷ್ಟೇ ನುಡಿಸುವ ಭಾಗ, ಶುರುವಾಯಿತೆಂದರೆ ಸಭಾಂಗಣದ ಕುರ್ಚಿಗಳು ಸದ್ದು ಮಾಡುತ್ತವೆ. ಕಾಫಿಗೆ ಏಳುವ ಹೊತ್ತು ಅದೇ. ಲಯವಾದ್ಯ ನುಡಿಸುವವರು ಸಂಗೀತಗಾರರೋ, ಸಂಗೀತಕ್ಕೆ ನೆರವಾಗುವವರೋ ಎಂಬ ಪ್ರಶ್ನೆಗೆ ಬಹಳ ಮಂದಿ ರಸಿಕರು ಹೀಗೆ ಎದ್ದುಹೋಗಿಯೇ ಉತ್ತರ ಕೊಟ್ಟುಬಿಟ್ಟಿದ್ದಾರೆ. ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಪ್ರಶಸ್ತಿಯೂ ಮೃದಂಗ ವಿದ್ವಾಂಸರೊಬ್ಬರಿಗೆ ಮೊದಲ ಬಾರಿ ಸಂದದ್ದು 1966ರಷ್ಟು ತಡವಾಗಿ, ಅದೂ ಪಾಲ್ಘಾಟ್ ಮಣಿ ಅಯ್ಯರ್ ಅಂಥವರಿಗೆ.

ಹಾಗೆಂದು ತನಿಯ ಕೈಚಳಕವೊಂದೇ ಲಯವಿದ್ವತ್ತಿನ ಅಳತೆ ಎನ್ನುವ ಅಭಿಮಾನಿಗಳ ಮಾತನ್ನೂ ನಾನು ಒಪ್ಪಲಾರೆ. ಮುಕ್ತಾಯದ ನುಡಿಕಟ್ಟಾದ ಕೋರ್ವೆ ಲೆಕ್ಕ ತಪ್ಪದೆ, ಹಾಡು ಎತ್ತಿಕೊಳ್ಳುವ ಜಾಗವಾದ ಎಡುಪಿಗೆ ಬಂದು ಕೂತಾಗ ಚಪ್ಪಾಳೆ ಬೀಳುವುದು ಸಹಜ. ಆದರೆ ನಿಧಾನಗತಿಯ ಚೌಕ ಕಾಲದ ಕೃತಿಯಲ್ಲಿ ಗಾಯಕಿ ಒಂದು ಸಂಗತಿಯ ಮೇಲೆ ನಿಂತಾಗ, ಮೃದಂಗದ ಎಡಗಡೆಯಿಂದ ಗುಂಯ್‌ಗುಡುವ ಒಂದೇ ಒಂದು ಗುಮುಕಿ ಕೊಟ್ಟು ಮುಂದಿನ ಅಕ್ಷರಗಳನ್ನು ಖಾಲಿ ಬಿಡುವುದಿದೆಯಲ್ಲ, ಅದು ಇನ್ನೂ ಕಷ್ಟದ ಕೆಲಸ. ಅದಕ್ಕೆ ಸಾಹಿತ್ಯ ಬಾಯಿಗೆ ಬರಬೇಕು, ಹಾಡುವವರ ಉಸಿರಿನ ಅಂದಾಜಿರಬೇಕು, ನುಡಿಸದೆ ಇರುವ ಧೈರ್ಯವೂ ಬೇಕು. ಆ ಗಳಿಗೆಯಲ್ಲಿ ಕೃತಿಯನ್ನು ಇಬ್ಬರೂ ಸೇರಿ ಹಾಡುತ್ತಿರುತ್ತಾರೆ.

ಈ ಮೇಲುಕೀಳು ಲಯವಾದ್ಯಗಳ ನಡುವೆಯೂ ಇದೆ. ಮೃದಂಗ ಪಕ್ಕವಾದ್ಯ; ಘಟ, ಖಂಜಿರ, ಮೋರ್ಚಿಂಗ್ ಉಪಪಕ್ಕವಾದ್ಯ. ಬೆಂಗಳೂರಿನ ಘಟ ವಿದುಷಿ ಸುಕನ್ಯಾ ರಾಮಗೋಪಾಲ್ ಇದರ ಕಹಿಯನ್ನು ಇಮ್ಮಡಿಯಾಗಿ ಉಂಡವರು. ಹುಡುಗಿಯ ಬೆರಳಿಗೆ ಘಟ ಕಠಿಣವೆಂದು ಗುರು ವಿಕ್ಕು ವಿನಾಯಕರಾಮ್ ಅವರೇ ಮೊದಲಿಗೆ ಹಿಂಜರಿದಿದ್ದರು. ಮುಂದೆ, ಹೆಣ್ಣಿನ ಜೊತೆ ನುಡಿಸುವುದಿಲ್ಲವೆಂದ ಮೃದಂಗದವರೂ ಎದುರಾದರು. ವಾದ್ಯಕ್ಕೂ ಒಂದು ಮಿತಿಯಿತ್ತು: ಮೃದಂಗಕ್ಕಿರುವಂತೆ ಶ್ರುತಿಯನ್ನು ಏರಿಸಿ ಇಳಿಸುವ ಅನುಕೂಲ ಘಟಕ್ಕಿಲ್ಲ. ಒಂದೊಂದು ಶ್ರುತಿಗೆ ಒಂದೊಂದು ಘಟ ಬೇಕು. ಸುಕನ್ಯಾ ಆ ಮಿತಿಯನ್ನೇ ಹಿಡಿದು, ಬೇರೆ ಬೇರೆ ಸ್ವರದ ಘಟಗಳನ್ನು ಸುತ್ತ ಇಟ್ಟುಕೊಂಡು ಘಟತರಂಗ ಕಟ್ಟಿದರು. ಮಹಿಳೆಯರೇ ಇರುವ ತಂಡ ಮಾಡಿ, ಘಟವನ್ನು ಅದರ ನಡುವೆ ಕೂರಿಸಿದರು. ಉಪ ಎಂಬ ಪಟ್ಟ ವಾದ್ಯದ ಗುಣದಿಂದ ಬಂದದ್ದಲ್ಲ, ವೇದಿಕೆಯ ರೂಢಿಯಿಂದ ಬಂದದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ರೂಢಿಯನ್ನು ಮನುಷ್ಯರೇ ಮಾಡಿದ್ದು, ಮುರಿಯಲೂಬಹುದು. ಇವತ್ತು ಸಂಗೀತ ಸಭೆಗಳು ಗಾಯಕರನ್ನು ಮೊದಲು ಗೊತ್ತುಮಾಡಿ, ಪಕ್ಕವಾದ್ಯದವರನ್ನು ಆಮೇಲೆ ಹುಡುಕುತ್ತವೆ. ವರ್ಷದ ಕೆಲವು ಕಚೇರಿಗಳಿಗಾದರೂ ಈ ಕ್ರಮ ತಿರುಗಲಿ: ಮೃದಂಗದವರನ್ನೋ ಘಟದವರನ್ನೋ ಮೊದಲು ಕರೆಯಿರಿ, ಯಾರು ಹಾಡಬೇಕೆಂದು ಅವರು ಹೇಳಲಿ.