ತುತ್ತು ಉಣಿಸುವುದೂ ಒಂದು ವಿದ್ಯೆ

ಶಾಲೆಯೊಂದು ಐವತ್ತು ಸಂವತ್ಸರಗಳನ್ನು ಪೂರೈಸಿದಾಗ ಅಲ್ಲಿ ಕಲಿತು ಮುಂದೆ ಬಂದವರನ್ನು ನೆನೆಯುವುದು ವಾಡಿಕೆ. ಅದು ಉಚಿತವೂ ಹೌದು. ಆದರೆ ಇದೇ ಪರಿಸರದಲ್ಲಿ ಹುಟ್ಟಿಯೂ ಶಾಲೆಯ ಮೆಟ್ಟಿಲನ್ನು ಏರಲಾಗದ, ಏರಿದರೂ ಮಧ್ಯಾಹ್ನದ ಊಟದ ಪಂಕ್ತಿಯಲ್ಲಿ ಎಲ್ಲರಂತೆ ಉಣ್ಣಲಾಗದ ಮಕ್ಕಳಿದ್ದಾರೆ. ಬೆಳವಣಿಗೆಯ ನ್ಯೂನತೆಯುಳ್ಳ ಈ ಮಕ್ಕಳಲ್ಲಿ ಹಲವರಿಗೆ ಅಗಿಯುವುದು, ನುಂಗುವುದು ದಿನಕ್ಕೆ ಮೂರು ಬಾರಿ ಎದುರಾಗುವ ಪರೀಕ್ಷೆ. ಅವರ ಅನ್ನದ ವಿಚಾರವನ್ನು ಈ ಸ್ಮರಣ ಸಂಚಿಕೆಯ ಓದುಗರ ಮುಂದಿಡುವುದು ಅಪ್ರಸ್ತುತವಾಗಲಾರದೆಂದು ನನ್ನ ನಂಬಿಕೆ.

ನಮ್ಮ ಸೀಮೆಯಲ್ಲಿ ಈ ವಿಚಾರಕ್ಕೆ ವಿಶೇಷ ತೂಕವಿದೆ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. ಅದರಿಂದ ಬಾಧಿತವಾದ ಎಣ್ಮಕಜೆ, ಬದಿಯಡ್ಕ, ಕುಂಬಡಾಜೆ, ಬೆಳ್ಳೂರು, ಕಾರಡ್ಕ, ಮುಳಿಯಾರು ಪಂಚಾಯತುಗಳು ನೆಕ್ರಾಜೆಗೆ ದೂರದವಲ್ಲ. ಪಡ್ರೆಯ ವೈದ್ಯ ಡಾ. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರ ಪರಿಶ್ರಮದಿಂದ ಈ ಸಂಕಟ ಹೊರಜಗತ್ತಿಗೆ ತಿಳಿಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಾದ್ಯಂತ ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಆಜ್ಞಾಪಿಸಿತು. ಅದು ಪೂರ್ತಿ ಪಾಲನೆಯಾಗದ್ದಕ್ಕಾಗಿ 2022ರಲ್ಲಿ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ನ್ಯೂನತೆಯುಳ್ಳ ಪ್ರತಿಯೊಂದು ಮಗುವೂ ಎಂಡೋಸಲ್ಫಾನಿನ ಬಲಿಯೆಂದು ಹೇಳಲು ಬಾರದು. ಅಂತಹ ಮಕ್ಕಳು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಆದರೆ ಕಾರಣ ಯಾವುದೇ ಇರಲಿ, ಪರಿಹಾರದ ಹಣ ಬಂದ ಮನೆಯಲ್ಲಿಯೂ, ಬಾರದ ಮನೆಯಲ್ಲಿಯೂ ಮಧ್ಯಾಹ್ನ ಹನ್ನೆರಡೂವರೆಗೆ ಏಳುವ ಪ್ರಶ್ನೆ ಒಂದೇ: ಈ ಮಗುವಿಗೆ ಊಟ ಮಾಡಿಸುವುದು ಹೇಗೆ?

ನುಂಗುವುದು ನಮಗೆ ಅತ್ಯಂತ ಸುಲಭದ ಕೆಲಸವಾಗಿ ತೋರುತ್ತದೆ. ವಸ್ತುಸ್ಥಿತಿ ಹಾಗಿಲ್ಲ. ತುಟಿ ಮುಚ್ಚಬೇಕು, ನಾಲಗೆ ತುತ್ತನ್ನು ಒಂದುಗೂಡಿಸಿ ಹಿಂದಕ್ಕೆ ತಳ್ಳಬೇಕು. ಆ ಕ್ಷಣದಲ್ಲಿ ಉಸಿರು ನಿಂತು, ಉಸಿರಿನ ದಾರಿ ಮುಚ್ಚಿ, ಅನ್ನನಾಳದ ಬಾಯಿ ತೆರೆಯಬೇಕು. ಹತ್ತಾರು ಸ್ನಾಯುಗಳು ಮೆದುಳಿನ ಅಪ್ಪಣೆಯಂತೆ ಕ್ರಮ ತಪ್ಪದೆ ದುಡಿದರೆ ಮಾತ್ರ ಇದು ಸಾಧ್ಯ. ಸೆರೆಬ್ರಲ್ ಪಾಲ್ಸಿಯುಳ್ಳ ಮಗುವಿನಲ್ಲಿ ಸ್ನಾಯುಗಳು ಬಿಗಿದಿರುತ್ತವೆ, ಇಲ್ಲವೇ ಹತೋಟಿ ತಪ್ಪಿರುತ್ತವೆ. ಡೌನ್ ಸಿಂಡ್ರೋಮ್ ಇರುವ ಮಗುವಿನಲ್ಲಿ ಅವು ಸಡಿಲವಾಗಿರುತ್ತವೆ. ಆಟಿಸಂ ಇರುವ ಮಗುವಿಗೆ ಕೆಲವು ಆಹಾರಗಳ ವಾಸನೆ, ಬಣ್ಣ, ಸ್ಪರ್ಶಗಳೇ ಅಸಹನೀಯ. ಆದ್ದರಿಂದ ಬಾಯಿ ತೆರೆಯದ ಮಗುವನ್ನು ಹಟಮಾರಿಯೆನ್ನುವ ಮೊದಲು, ಅದಕ್ಕೆ ಸಾಧ್ಯವಾಗದ್ದು ಯಾವುದೆಂದು ವಿಚಾರಿಸಬೇಕು. ಹಲ್ಲುನೋವು, ಮಲಬದ್ಧತೆ, ಹೊಟ್ಟೆಯ ಹುಳಿ ಮೇಲೇರುವುದು ಇವೂ ಊಟ ಬೇಡವೆನ್ನಿಸುತ್ತವೆ. ಬಾಯಿ ಬಿಟ್ಟು ಹೇಳಲು ಆ ಮಗುವಿಗೆ ಮಾತಿಲ್ಲ.

ಊಟದ ನಡುವೆ ಕೆಮ್ಮು ಬಂದರೆ 'ನೆತ್ತಿಗೆ ಹತ್ತಿತು' ಎಂದು ತಲೆ ತಟ್ಟುವುದು ನಮ್ಮ ರೂಢಿ. ಯಾರೋ ನೆನೆಸಿಕೊಂಡರೆಂದು ನಕ್ಕು ಮರೆಯುತ್ತೇವೆ. ಆದರೆ ಆಹಾರ ಹತ್ತಿದ್ದು ನೆತ್ತಿಗಲ್ಲ, ಇಳಿದದ್ದು ಉಸಿರಿನ ದಾರಿಗೆ. ಈ ಮಕ್ಕಳಲ್ಲಿ ಅದು ಪದೇ ಪದೇ ನಡೆದರೆ ಶ್ವಾಸಕೋಶದ ಸೋಂಕಿಗೆ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಕೆಲವು ಮಕ್ಕಳಿಗೆ ಕೆಮ್ಮುವ ಶಕ್ತಿಯೂ ಇರುವುದಿಲ್ಲ. ಸದ್ದಿಲ್ಲದೆ ಇಳಿಯುವುದೇ ಹೆಚ್ಚು ಅಪಾಯಕರ. ಉಣ್ಣುವಾಗ ಕಣ್ಣಲ್ಲಿ ನೀರು ಬರುವುದು, ಸ್ವರ ಗೊರಗೊರವೆನ್ನುವುದು, ಒಂದು ಊಟಕ್ಕೆ ಅರ್ಧ ಗಂಟೆಗೂ ಮಿಕ್ಕ ಹೊತ್ತು ಹಿಡಿಯುವುದು, ತೂಕ ಏರದಿರುವುದು, ಮತ್ತೆ ಮತ್ತೆ ಕಫ ಜ್ವರ ಬರುವುದು ಇವುಗಳನ್ನು ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸತಕ್ಕದ್ದು.

ಮನೆಯಲ್ಲಿ ಮಾಡಬಹುದಾದುದೂ ಸಾಕಷ್ಟಿದೆ. ಮಗುವನ್ನು ಮಲಗಿಸಿ, ಗದ್ದ ಎತ್ತಿಸಿ, ಮೂಗು ಹಿಡಿದು ಬಾಯಿಗೆ ಸುರಿಯುವ ಹಳೆಯ ಪದ್ಧತಿಯನ್ನು ಬಿಟ್ಟುಬಿಡಬೇಕು. ಬೆನ್ನು ನೆಟ್ಟಗಾಗಿ, ಸೊಂಟ ಮೊಣಕಾಲುಗಳು ಮಡಚಿ, ಪಾದಗಳಿಗೆ ಆಧಾರ ಸಿಕ್ಕಿ, ತಲೆ ಹಿಂದಕ್ಕೆ ವಾಲದೆ ತುಸು ಮುಂದಕ್ಕೆ ಬಾಗಿರುವಂತೆ ಕೂರಿಸಬೇಕು. ಊರಿನ ಬಡಗಿ ಮಾಡಿಕೊಡುವ ಮರದ ಕುರ್ಚಿಗೆ ಎರಡು ದಿಂಬು, ಒಂದು ಪಟ್ಟಿ ಇದ್ದರೆ ಎಷ್ಟೋ ಮಕ್ಕಳಿಗೆ ಸಾಕಾಗುತ್ತದೆ. ಉಣಿಸುವವರು ನಿಂತುಕೊಳ್ಳದೆ ಮಗುವಿನ ಕಣ್ಣಿಗೆ ಸಮನಾಗಿ ಕೂರಬೇಕು. ಚಪ್ಪಟೆಯ ಸಣ್ಣ ಚಮಚದಲ್ಲಿ ಅರ್ಧ ಚಮಚ ಕೊಟ್ಟು, ನುಂಗಿದ್ದನ್ನು ಕಂಡ ಬಳಿಕವೇ ಮುಂದಿನದು. ನಿದ್ದೆಯ ಮಂಪರಿನಲ್ಲಿ, ಅಳುತ್ತಿರುವಾಗ, ಅಪಸ್ಮಾರ ಬಂದ ಬೆನ್ನಿಗೇ ಉಣಿಸಕೂಡದು. ಊಟದ ಬಳಿಕ ಬಾಯಿ ಶುಚಿಮಾಡಿ, ಅರ್ಧ ಗಂಟೆಯಾದರೂ ಕುಳಿತೇ ಇರಿಸಬೇಕು.

ಆಹಾರದ ಹದವೂ ಅಷ್ಟೇ ಮುಖ್ಯ. ನೀರು ಎಲ್ಲಕ್ಕಿಂತ ಹಗುರವೆಂದು ನಾವು ಭಾವಿಸುತ್ತೇವೆ. ನುಂಗುವ ತೊಡಕುಳ್ಳ ಹಲವು ಮಕ್ಕಳಿಗೆ ಅದೇ ಅತಿ ಕಠಿನ, ಏಕೆಂದರೆ ಗಂಟಲು ಸಿದ್ಧವಾಗುವ ಮೊದಲೇ ಅದು ಹರಿದುಹೋಗುತ್ತದೆ. ನಮ್ಮ ನಿತ್ಯದ ಕುಚ್ಚಲಕ್ಕಿ ಗಂಜಿಯಲ್ಲಿಯೂ ಈ ಅಪಾಯವಿದೆ: ತಿಳಿ ಮುಂದೆ ಓಡುತ್ತದೆ, ಅಗುಳು ಬಾಯಲ್ಲಿ ಉಳಿಯುತ್ತದೆ. ಅದನ್ನೇ ಚೆನ್ನಾಗಿ ಬೇಯಿಸಿ, ಅರೆದು, ಒಂದೇ ಹದಕ್ಕೆ ತಂದರೆ ನುಂಗಲು ಅನುಕೂಲವಾದೀತು. ರಾಗಿ ಮಣ್ಣಿ, ಬೇಯಿಸಿ ಕಿವುಚಿದ ನೇಂದ್ರ ಬಾಳೆಹಣ್ಣು, ಕುಂಬಳ ಇವೂ ಹಾಗೆಯೇ; ಚಮಚ ತುಪ್ಪವೋ ತೆಂಗಿನೆಣ್ಣೆಯೋ ಬೆರೆಸಿದರೆ ಸ್ವಲ್ಪದರಲ್ಲಿಯೇ ಹೆಚ್ಚು ಪುಷ್ಟಿ. ಇಂದು ಹಲವು ದೇಶಗಳ ತಜ್ಞರು ಪಾನೀಯ ಮತ್ತು ಆಹಾರಗಳ ಹದವನ್ನು 0ಯಿಂದ 7ರ ವರೆಗೆ ಎಂಟು ಮಟ್ಟಗಳಾಗಿ ಗುರುತಿಸಿದ್ದಾರೆ. ಯಾವ ಮಗುವಿಗೆ ಯಾವ ಹದವೆಂಬುದನ್ನು ಪರೀಕ್ಷಿಸಿದ ತಜ್ಞರೇ ನಿರ್ಧರಿಸಬೇಕು. ಬಾಯಿಯಿಂದ ಉಣ್ಣುವುದು ಕ್ಷೇಮವಲ್ಲವೆಂದು ಅವರು ಕೊಳವೆಯ ಮೂಲಕ ಆಹಾರ ಕೊಡಲು ಹೇಳಿದರೆ, ಅದು ತಾಯಿಯ ಸೋಲಲ್ಲ; ಮಗು ಬದುಕಿ ಬೆಳೆಯಲು ಇರುವ ಒಂದು ದಾರಿ.

ಇವೆಲ್ಲ ಕಲಿಸಿದರೆ ಬರುವ ವಿದ್ಯೆ. ಆದರೆ ಕಲಿಸುವವರು ಯಾರು, ಯಾವ ಭಾಷೆಯಲ್ಲಿ? 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಮಂಗಳೂರಿನ ವೈದ್ಯಕೀಯ ಕಾಲೇಜುಗಳಲ್ಲಿ ಕನ್ನಡ ಬಲ್ಲ ವಾಕ್ ಚಿಕಿತ್ಸಕರಿದ್ದಾರೆ. ಆದರೆ ಬಿಗಿದ ಮೈಯ ಮಗುವನ್ನೆತ್ತಿಕೊಂಡು ಬಸ್ಸಿನಲ್ಲಿ ಅಲ್ಲಿಗೆ ಪದೇ ಪದೇ ಹೋಗಿಬರುವುದು ಕೂಲಿಯ ಕುಟುಂಬಕ್ಕೆ ಎಷ್ಟು ದಿನ ಸಾಧ್ಯ? ಜಿಲ್ಲೆಯೊಳಗೆ ಕುಟುಂಬಶ್ರೀ ಮತ್ತು ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳು ಸ್ತುತ್ಯ ಸೇವೆ ಸಲ್ಲಿಸುತ್ತಿವೆ. ಆದರೆ ಸರಕಾರದ ಕಾಗದಪತ್ರ, ತರಬೇತಿಗಳ ಭಾಷೆ ಹೆಚ್ಚಾಗಿ ಮಲೆಯಾಳ. ಮನೆಯಲ್ಲಿ ತುಳುವೋ ಕನ್ನಡವೋ ಮರಾಠಿಯೋ ಆಡುವ ತಾಯಿ ಅರ್ಧ ತಿಳಿದು, ಉಳಿದರ್ಧಕ್ಕೆ ತಲೆಯಾಡಿಸಿ ಬರುತ್ತಾಳೆ. ಇತರ ವಿಷಯಗಳಲ್ಲಿ ಅರ್ಧ ತಿಳಿದರೆ ಕೆಲಸ ನಿಧಾನವಾದೀತು. ಇಲ್ಲಿ ಅರ್ಧ ತಿಳಿದ ಮಾತು ಮಗುವಿನ ಉಸಿರಿಗೇ ಕುತ್ತು. ಇದನ್ನು ಯಾವ ಭಾಷೆಯ ಮೇಲಿನ ಮುನಿಸಿನಿಂದಲೂ ಹೇಳುತ್ತಿಲ್ಲ.

ಅಕ್ಷರ ಕಲಿಸುವ ಶಾಲೆಗೆ ಈ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲಿಯೇ ಸಂವಿಧಾನಕ್ಕೆ 350ಎ ವಿಧಿ ಸೇರ್ಪಡೆಯಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲೇ ಕಲಿಯುವ ಸೌಕರ್ಯ ಒದಗಿಸಬೇಕೆಂಬುದು ಅದರ ಆಶಯ. ಕನ್ನಡ ಶಾಲೆಗಳು ನಿಂತಿರುವುದು ಇದೇ ತತ್ತ್ವದ ಮೇಲೆ. ಮಗ್ಗಿಯನ್ನು ತಾಯ್ನುಡಿಯಲ್ಲಿ ಕಲಿಯುವುದು ಹಕ್ಕಾದರೆ, ಮಗುವಿಗೆ ಅನ್ನ ಉಣಿಸುವುದನ್ನು ತಾಯ್ನುಡಿಯಲ್ಲಿ ಕಲಿಯುವುದು ಹಕ್ಕಲ್ಲವೇ?

ಆದುದರಿಂದ ಹಳೆ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟು. ಮಹೋತ್ಸವದ ಚಪ್ಪರ ಇಳಿಸಿದ ಮೇಲೆ ಉಳಿಯುವ ಹಣದಲ್ಲಿ ಒಂದು ಪಾಲನ್ನು ಇದಕ್ಕಾಗಿ ಮೀಸಲಿಡೋಣ. ವರ್ಷಕ್ಕೆರಡು ಬಾರಿ ಕನ್ನಡ, ತುಳು ಬಲ್ಲ ವಾಕ್ ಚಿಕಿತ್ಸಕರನ್ನು ಶಾಲೆಯ ಅಂಗಳಕ್ಕೇ ಕರೆಸಿ ತಾಯಂದಿರಿಗೂ, ಅಂಗನವಾಡಿ ಕಾರ್ಯಕರ್ತೆಯರಿಗೂ, ಆಶಾ ಕಾರ್ಯಕರ್ತೆಯರಿಗೂ ತರಬೇತಿ ಕೊಡಿಸೋಣ. ಚಿತ್ರಗಳಿರುವ ಒಂದು ಸಣ್ಣ ಕನ್ನಡ ಪುಸ್ತಿಕೆಯನ್ನು ಅವರಿಂದಲೇ ಬರೆಸಿ ಮನೆಮನೆಗೆ ಹಂಚೋಣ. ಬೇಕಾದವರಿಗೆ ಕುರ್ಚಿ ಮಾಡಿಸಿಕೊಡೋಣ. ಉಳಿದ ನೆರೆಹೊರೆಯವರೂ ಆ ಕೈಚಳಕವನ್ನು ಕಲಿತು, ವಾರದಲ್ಲೊಂದು ಹೊತ್ತು ತಾವೇ ಉಣಿಸಿದರೆ, ಆ ತಾಯಿ ತನ್ನ ಊಟವನ್ನು ಬಿಸಿಯಾಗಿರುವಾಗಲೇ ಉಂಡಾಳು. ಮದುವೆ, ಕೋಲ, ಪೂಜೆಗಳ ಪಂಕ್ತಿಯಲ್ಲಿ ಈ ಮಕ್ಕಳಿಗೂ ಒಂದು ಎಲೆ ಹಾಕಿ, ಅವರ ಹದಕ್ಕೆ ಅರೆದು ಬಡಿಸುವಷ್ಟು ವ್ಯವಧಾನ ನಮ್ಮ ಊರಿಗೆ ಬಂದರೆ, ಶಾಲೆ ಐವತ್ತು ವರ್ಷ ಕಲಿಸಿದ್ದು ಸಾರ್ಥಕವೆನ್ನಬಹುದು.