ಓಟಗಾರನಿಗೆ ಯಾವ ಊರಿನ ಹವೆ ಮೇಲು?

ಹುನ್ನೂರದ ತಾಯಿಯೊಬ್ಬರು ಬರೆದು ಕೇಳಿರುವರು: ಸೈನ್ಯದ ಭರತಿಗಾಗಿ ಮಗನು 1600 ಮೀಟರು ಓಟವನ್ನು ಸಾಧಿಸುತ್ತಿರುವನು, ನಮ್ಮ ಬಿಸಿಲಿನಲ್ಲಿ ಓಟ ಏಳಿಗೆಗೆ ಬಾರದೆಂದು ಬೆಂಗಳೂರಿಗೋ ಬೆಳಗಾವಿಗೋ ಹೋಗಿರಲು ಹಟ ಹಿಡಿದಿರುವನು, ಇರುವ ಎರಡು ಎಮ್ಮೆಗಳಲ್ಲಿ ಒಂದನ್ನು ಮಾರಿ ಕಳಿಸಬೇಕೆ? ಎಮ್ಮೆಯ ಮಾತು ಬಂದಿರುವದರಿಂದ ಉತ್ತರವನ್ನು ತೂಗಿಯೇ ಹೇಳಬೇಕಾಗಿದೆ.

ಓಡುವವನ ಮೈ ಉರಿಯುವ ಒಲೆಯಂತೆ. ಸ್ನಾಯುಗಳು ವೆಚ್ಚ ಮಾಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಕಾವಾಗಿಯೇ ಹೋಗುವದು. ಆ ಕಾವನ್ನು ಹೊರಹಾಕುವ ಮುಖ್ಯ ಸಾಧನವು ಬೆವರು. ಅದು ಸುರಿದರೆ ಸಾಲದು, ಆರಬೇಕು. ಆದುದರಿಂದ ಉಷ್ಣಮಾಪಕವನ್ನಷ್ಟೇ ನೋಡಿ ಊರೂರುಗಳನ್ನು ಹೋಲಿಸುವದು ಸರಿಯಲ್ಲ. ಮಂಗಳೂರಿನ 30 ಡಿಗ್ರಿ ನಮ್ಮ ಜಮಖಂಡಿಯ ಒಣ ಸೀಮೆಯ 30 ಡಿಗ್ರಿಗಿಂತ ಓಟಗಾರನಿಗೆ ಕಠಿಣ. ಒಗೆದ ಅರಿವೆ ಬೇಗ ಆರದ ಹವೆಯಲ್ಲಿ ಬೆವರು ತಾನೆ ಹೇಗೆ ಆರೀತು? 2019ರಲ್ಲಿ ಕತಾರ ದೇಶದ ದೋಹಾದಲ್ಲಿ ಜಾಗತಿಕ ಕೂಟದ ಹೆಂಗಸರ ಮ್ಯಾರಥಾನ್ ಓಟವನ್ನು ಬಿಸಿಲಿಗೆ ಅಂಜಿ ನಡುರಾತ್ರಿಯಲ್ಲಿ ಇಟ್ಟರು. ಸೂರ್ಯನಿರಲಿಲ್ಲ, ಸೆಕೆಯೂ ಕಡಲ ಹಸಿಯೂ ಇದ್ದವು. ಓಡಲು ನಿಂತ 68 ಜನರಲ್ಲಿ 28 ಜನರು ಗುರಿ ಮುಟ್ಟಲಿಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನ ಮ್ಯಾರಥಾನನ್ನಂತೂ ಸುಮಾರು 800 ಕಿಲೋಮೀಟರು ಉತ್ತರದ ಸಪ್ಪೋರೋ ನಗರಕ್ಕೇ ಒಯ್ದರು.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವದು. ಬೆಳಗಾವಿ ಸುಮಾರು 750 ಮೀಟರು. ಎರಡೂ ನಮಗಿಂತ ತಂಪೆಂಬದರಲ್ಲಿ ಸಂದೇಹವಿಲ್ಲ. (ಬೆಂಗಳೂರಿನ ಮೋಟಾರುಗಳ ಹೊಗೆಯನ್ನು ನಾನು ಈ ಲೆಕ್ಕದಲ್ಲಿ ಹಿಡಿದಿಲ್ಲ.) ಬೆಳಗಾವಿಯ ಫಡೆಪ್ಪ ಚೌಗುಲೆಯವರು 1920ರಲ್ಲಿ ಆಂಟವರ್ಪಿನ ಒಲಿಂಪಿಕ್ ಮ್ಯಾರಥಾನಿನಲ್ಲಿ 19ನೆಯವರಾಗಿ ಬಂದರು. ಆದರೆ ಅದೇ ಹವೆಯನ್ನು ಉಸಿರಾಡಿದವರು ಇನ್ನೂ ಎಷ್ಟೋ ಸಾವಿರ ಜನರಿದ್ದರು!

ಇನ್ನು ಹುನ್ನೂರದ ಹುಡುಗನ ಮಾತು. 1600 ಮೀಟರು ಐದಾರು ನಿಮಿಷದ ಕೆಲಸ. ಮ್ಯಾರಥಾನಿನಲ್ಲಿ ಕಾಯುವಷ್ಟು ಮೈ ಅಷ್ಟರಲ್ಲಿ ಕಾಯದು. ಚಳಿಗಾಲದ ನಸುಕಿನಲ್ಲಿ ನಮ್ಮ ಸೀಮೆಯ ಹವೆ 15 ಡಿಗ್ರಿಯ ಸುತ್ತ ಇಳಿಯುವದು, ಒಣಗಿಯೂ ಇರುವದು. ಓಟಕ್ಕೆ ಇದಕ್ಕಿಂತ ಹೆಚ್ಚೇನು ಬೇಕು? ಏಪ್ರಿಲ್, ಮೇ ತಿಂಗಳುಗಳ ಹಗಲು 40 ಡಿಗ್ರಿಗೆ ಏರುವದು ನಿಜ. ಆಗ ಹೊತ್ತು ಮೂಡುವ ಮೊದಲೇ ಓಟ ಮುಗಿದಿರಬೇಕು. ಮೇಲಾಗಿ ದಿನಕ್ಕಿಷ್ಟೆಂದು ರೂಢಿಸಿದರೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಮೈ ಬಿಸಿಗೆ ಹೊಂದಿಕೊಳ್ಳುವದು. ತಂಪಿನಲ್ಲಿ ಬೆಳೆಸಿದ ಓಟಗಾರನಿಗೆ ಭರತಿಯ ಮೈದಾನವು ಬಿಸಿಲೂರಿನಲ್ಲಿ ಬಿದ್ದರೆ ಈ ಲಾಭವಿಲ್ಲ.

ಆದುದರಿಂದ, ತಾಯಿ, ಎಮ್ಮೆಯನ್ನು ಮಾರಬೇಡಿರಿ. ಒಣ ಹವೆಯಲ್ಲಿ ಬೆವರು ಕಾಣದಂತೆ ಆರಿಹೋಗಿ ಅಂಗಿಯ ಮೇಲೆ ಉಪ್ಪಿನ ಬಿಳುಪು ಮಾತ್ರ ಉಳಿಯುವದು. ಓಡಿ ಬಂದವನಿಗೆ ಉಪ್ಪು ಹಾಕಿದ ಮಜ್ಜಿಗೆಯನ್ನು ಕೊಡಿರಿ. ಒಂದು ಎಚ್ಚರಿಕೆ ಮಾತ್ರ ಅವಶ್ಯ. ಓಡುವಾಗ ಕಾಲು ತಡವರಿಸಿದರೆ, ಮಾತು ತೊದಲಿದರೆ ಅಥವಾ ಅಸಂಬದ್ಧವಾದರೆ, ಬೆವರು ಸುರಿಯುತ್ತಿದ್ದರೂ ಅದು ಬಿಸಿಲಿನ ಹೊಡೆತವಿರಬಹುದು. ಕೂಡಲೆ ನೆರಳಿಗೆ ಎಳೆದು, ಅಂಗಿ ಕಳೆದು, ಮೈಮೇಲೆಲ್ಲ ತಣ್ಣೀರು ಸುರಿಯುತ್ತಲೇ ವೈದ್ಯರನ್ನು ಕರೆಸಬೇಕು.