ಪಂದ್ಯ ಕೊಡದೆ ವಿಶ್ವಕಪ್ ಕೊಟ್ಟೆವು

2022ರ ಅಕ್ಟೋಬರ್ 11ರ ರಾತ್ರಿ ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ನಮ್ಮ ಹದಿನೇಳರ ಒಳಗಿನ ಹುಡುಗಿಯರು ಫುಟ್‌ಬಾಲ್ ವಿಶ್ವಕಪ್ ಆಡಲು ಇಳಿದರು. ಎದುರಿಗೆ ಅಮೆರಿಕ. ಒಂಬತ್ತನೇ ನಿಮಿಷಕ್ಕೆ ಮೊದಲ ಗೋಲು ಬಿತ್ತು. ವಿರಾಮದ ಹೊತ್ತಿಗೆ ಐದು, ಆಟ ಮುಗಿದಾಗ ಎಂಟು. ಮೂರು ದಿನ ಬಿಟ್ಟು ಮೊರೊಕ್ಕೊ ಮೂರು ಹೊಡೆಯಿತು, ಮತ್ತೆ ಮೂರು ದಿನಕ್ಕೆ ಬ್ರೆಜಿಲ್ ಐದು. ನಾವು ಬಿಟ್ಟುಕೊಟ್ಟ ಗೋಲು 16. ಗಳಿಸಿದ್ದು ಒಂದೂ ಇಲ್ಲ.

ಹೆಣ್ಣುಮಕ್ಕಳ ಅಂತಾರಾಷ್ಟ್ರೀಯ ಟೂರ್ನಿಯ ಮಾತು ಬಂದಾಗಲೆಲ್ಲ ಈ 16ನ್ನು ಎತ್ತಿ ಆಡುವವರು ಇಂದಿಗೂ ಇದ್ದಾರೆ. ದೇಶದ ಮಾನ ಹೋಯಿತು, ಇಂಥ ಆಟ ನಮಗೇಕೆ ಬೇಕಿತ್ತು ಎಂದು ಅವರು ಕೇಳುತ್ತಾರೆ. ದೊಡ್ಡ ಟೂರ್ನಿ ತಂದರೆ ಆಟ ತಾನಾಗಿ ಬೆಳೆಯುತ್ತದೆ, ಇನ್ನೊಂದು ತನ್ನಿ ಎನ್ನುವವರೂ ಇದ್ದಾರೆ. ಈ ಎರಡು ಮಾತನ್ನೂ ನಾನು ಒಪ್ಪಲಾರೆ. ಅರ್ಹತಾ ಸುತ್ತು ಆಡದೆಯೇ, ಆತಿಥೇಯರೆಂಬ ಒಂದೇ ಕಾರಣಕ್ಕೆ ನಮಗೆ ಜಾಗ ಸಿಕ್ಕಿತ್ತು. ವರ್ಷವಿಡೀ ಪಂದ್ಯ ಆಡಿ ಬೆಳೆದ ತಂಡಗಳ ಎದುರು ಕ್ಯಾಂಪಿನಲ್ಲಿ ಕಲಿತ ಮಕ್ಕಳನ್ನು ನಿಲ್ಲಿಸಿದವರು ನಾವು. ತಪ್ಪು ಆ ಮಕ್ಕಳದಲ್ಲ.

ಮೊರೊಕ್ಕೊ ಪಂದ್ಯವನ್ನೇ ನೋಡಿ. ಈ ವಿಶ್ವಕಪ್ ಅವರಿಗೂ ಹೊಸದು, ನಮ್ಮಂತೆಯೇ ಮೊದಲ ಸಲ ಬಂದವರು. ಮೊದಲರ್ಧದಲ್ಲಿ ಒಂದೂ ಗೋಲಿಲ್ಲ. ನಮ್ಮ ಹುಡುಗಿಯರು ಮೈಮೇಲೆ ಬಿದ್ದು ತಡೆದರು, ಓಡಿದರು, ಬಾಲು ಕಿತ್ತರು. ವಿರಾಮದ ನಂತರ ಕಾಲು ಭಾರವಾಯಿತು, ಸಾಲು ಒಡೆಯಿತು. ಮೂರು ಗೋಲೂ ಆಗಲೇ ಬಿದ್ದವು, ಕೊನೆಯದು ತೊಂಬತ್ತು ನಿಮಿಷ ಕಳೆದ ಮೇಲೆ. ಎದೆಗಾರಿಕೆ ನಮ್ಮವರಲ್ಲೂ ಬೇಕಾದಷ್ಟಿತ್ತು. ತೊಂಬತ್ತು ನಿಮಿಷದ ಗಟ್ಟಿ ಪಂದ್ಯಗಳನ್ನು ವಾರವಾರವೂ ಆಡಿದ ರೂಢಿ ಇರಲಿಲ್ಲ. ಮೊರೊಕ್ಕೊ 2020ರಲ್ಲೇ ಮಹಿಳೆಯರಿಗೆ ಎರಡು ದರ್ಜೆಯ ವೃತ್ತಿಪರ ಲೀಗ್ ಕಟ್ಟಿ ದುಡ್ಡು ಹಾಕಿತ್ತು. 2023ರಲ್ಲಿ ಆ ದೇಶದ ಹಿರಿಯರ ತಂಡ ತನ್ನ ಮೊದಲ ವಿಶ್ವಕಪ್‌ನಲ್ಲೇ ಹದಿನಾರರ ಘಟ್ಟ ಮುಟ್ಟಿತು. 2025ರಿಂದ ಐದು ವರ್ಷ ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ ನಡೆಯುವುದೂ ಅಲ್ಲೇ. ಆತಿಥ್ಯದ ಆಸೆ ಅವರಿಗೂ ಇದೆ, ಆದರೆ ಮನೆಯಲ್ಲಿ ಅಡುಗೆ ಮಾಡಿಟ್ಟು ನೆಂಟರನ್ನು ಕರೆದರು.

ನಮ್ಮಲ್ಲಿ ನಡೆದದ್ದೇನು? ಈ ವಿಶ್ವಕಪ್ ಮೊದಲು 2020ರ ನವೆಂಬರಿಗೆ ನಿಗದಿಯಾಗಿತ್ತು. ಕೋವಿಡ್ ಬಂತು, ಮುಂದೂಡಿದರು, ಕೊನೆಗೆ ರದ್ದಾಯಿತು. 2003, 2004ರಲ್ಲಿ ಹುಟ್ಟಿದ ಹುಡುಗಿಯರು ಅದಕ್ಕೆಂದೇ ತಯಾರಾಗಿದ್ದರು. 2022ರ ಹೊತ್ತಿಗೆ ಅವರ ವಯಸ್ಸು ಮೀರಿತ್ತು. ಹೊಸ ತಂಡ ಕಟ್ಟಿ ಯುರೋಪಿಗೆ ಕಳಿಸಿದರೆ, ಆ ಪ್ರವಾಸದಲ್ಲೇ ಲೈಂಗಿಕ ದುರ್ವರ್ತನೆಯ ದೂರು ಬಂದು ಸಹಾಯಕ ಕೋಚ್‌ನನ್ನು ವಜಾ ಮಾಡಬೇಕಾಯಿತು. ಆಗಸ್ಟ್ ಮಧ್ಯದಲ್ಲಿ ದೊಡ್ಡವರ ಆಡಳಿತದ ಜಗಳಕ್ಕೆ ಫಿಫಾ ನಮ್ಮ ಫೆಡರೇಷನ್ನನ್ನೇ ಅಮಾನತು ಮಾಡಿತು. 26ನೇ ತಾರೀಖು ಅದು ತೆರವಾಗುವವರೆಗೆ ಟೂರ್ನಿ ನಮ್ಮಲ್ಲಿ ನಡೆಯುತ್ತದೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ. ಹದಿನಾರು ವರ್ಷದ ಮಗು ಇಷ್ಟನ್ನೆಲ್ಲ ಹೊತ್ತುಕೊಂಡು ಅಮೆರಿಕದ ಎದುರು ನಿಲ್ಲಬೇಕಿತ್ತು.

ನಾಯಕಿ ಅಷ್ಟಂ ಉರಾಂವ್ ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಹಳ್ಳಿಯವಳು. ಮಗಳು ವಿಶ್ವಕಪ್ ಆಡುತ್ತಾಳೆಂದು ಜಿಲ್ಲಾಡಳಿತ ಆ ಮನೆಗೆ ಟಿ.ವಿ. ಕೊಟ್ಟಿತು, ಊರಿಗೆ ರಸ್ತೆ ಹಾಕಿಸಿತು. ಆ ರಸ್ತೆಗೆ ಕಲ್ಲುಮಣ್ಣು ಹೊತ್ತ ದಿನಗೂಲಿಯವರಲ್ಲಿ ಅವಳ ಅಪ್ಪ ಅಮ್ಮನೂ ಇದ್ದರು. ಆ ಸುದ್ದಿ ಓದಿದ ದಿನ ನನ್ನ ಗಂಟಲು ಕಟ್ಟಿತು, ಇವತ್ತಿಗೂ ಮರೆಯಲಾಗಿಲ್ಲ. ಟೂರ್ನಿ ಬಂದರೆ ಊರು ಬದಲಾಗುತ್ತದೆ ಎನ್ನುವವರಿಗೆ ನಾನು ತೋರಿಸುವುದು ಆ ರಸ್ತೆಯನ್ನೇ.

ನಮ್ಮ ಕರ್ನಾಟಕದ ಕಥೆಯೂ ಬೇರೆಯಲ್ಲ. ಬೆಂಗಳೂರಿನಲ್ಲಿ ಮಹಿಳಾ ಲೀಗ್ ಇದೆ, ಅಲ್ಲಿನ ಕಿಕ್‌ಸ್ಟಾರ್ಟ್ ಕ್ಲಬ್ 2023ರಲ್ಲಿ ರಾಷ್ಟ್ರೀಯ ಲೀಗ್‌ನ ಫೈನಲ್‌ವರೆಗೂ ಹೋಯಿತು. ಆದರೆ ಆ ಊರು ದಾಟಿ ಹೋಗಿ ನೋಡಿ. ನಮ್ಮ ಶಾಲೆಗಳಲ್ಲಿ ಹೆಣ್ಣುಮಕ್ಕಳ ಆಟ ಎಂದರೆ ಥ್ರೋಬಾಲ್, ಖೋಖೋ. ಫುಟ್‌ಬಾಲ್ ಹುಡುಗರದು. ಅಕ್ಕನ ಮಗಳ ಶಾಲೆಯಲ್ಲಿ ಹೇಗೋ ಹನ್ನೊಂದು ಹುಡುಗಿಯರ ತಂಡವಾಗಿತ್ತು. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ನಾನೂ ಹೋಗಿದ್ದೆ. ಅಕ್ಕನ ಮಗಳು ತೊಟ್ಟಿದ್ದ ಹುಡುಗರ ಬನಿಯನ್ ಮಂಡಿಯವರೆಗೆ ಇಳಿಬಿದ್ದಿತ್ತು. ಬೂಟು ಎರಡು ಅಳತೆ ದೊಡ್ಡದು, ಮುಂದಿನ ತುದಿಗೆ ಪೇಪರ್ ಉಂಡೆ ಕಟ್ಟಿ ತುರುಕಿದ್ದಳು. ಹುಡುಗರ ಪಂದ್ಯಗಳೆಲ್ಲ ಮುಗಿದ ಮೇಲೆ ಇವರ ಸರದಿ ಬಂದಾಗ ಬಿಸಿಲು ಇಳಿದಿತ್ತು. ಸಮಯ ಸಾಲದೆಂದು ಅರ್ಧಕ್ಕೆ ಹದಿನೈದೇ ನಿಮಿಷ ಕೊಟ್ಟರು. ಒಂದು ಗೋಲಿನಿಂದ ಸೋತರು. ನಾಕೌಟ್ ಆದ್ದರಿಂದ ಅಲ್ಲಿಗೆ ಮುಗಿಯಿತು. ಟೆಂಪೋದಲ್ಲಿ ವಾಪಸ್ ಬರುವಾಗ ಕೇಳಿದಳು, "ಚಿಕ್ಕಮ್ಮ, ಇನ್ನು ಮುಂದಿನ ವರ್ಷವೇನಾ?" ಹೌದು ಎಂದೆ. ಆ ವರ್ಷ ಆ ಮಗು ಆಡಿದ ಪಂದ್ಯ ಒಟ್ಟು ಅರ್ಧ ಗಂಟೆಯದು.

ಹಾಗಾದರೆ ಹೊರದೇಶದ ಟೂರ್ನಿಯೇ ಬೇಡವೇ? ಬೇಕು, ಖಂಡಿತ ಬೇಕು. 2013ರಲ್ಲಿ ರಾಂಚಿ ಹತ್ತಿರದ ಹುಟುಪ್ ಹಳ್ಳಿಯ 'ಯುವಾ' ಸಂಸ್ಥೆಯ ಹುಡುಗಿಯರು ಸ್ಪೇನಿನ ಗಾಸ್ತೇಯ್ಸ್ ಕಪ್‌ಗೆ ಹೋಗಿ ಮೂರನೇ ಸ್ಥಾನ ಪಡೆದರು. ಅವರಿಗೆ ಆಟಕ್ಕಿಂತ ಕಷ್ಟವಾಗಿದ್ದು ಪಾಸ್‌ಪೋರ್ಟಿಗೆ ಬೇಕಾದ ಜನನ ಪ್ರಮಾಣಪತ್ರ. ಆದರೆ ಅವರು ಊರಿನ ಮೈದಾನದಲ್ಲಿ ದಿನವೂ ಆಡಿ, ತಮ್ಮದೇ ತಂಡವಾಗಿ ಹೋದವರು. 2025ರ ಅಕ್ಟೋಬರಿನಲ್ಲಿ ಬಿಷ್ಕೆಕ್‌ನಲ್ಲಿ ನಮ್ಮ ಹದಿನೇಳರೊಳಗಿನ ತಂಡ ಉಜ್ಬೇಕಿಸ್ತಾನವನ್ನು 2-1ರಿಂದ ಸೋಲಿಸಿತು. ಮೊದಲು ಹಿಂದೆ ಬಿದ್ದು ಆಮೇಲೆ ಎರಡು ಗೋಲು ಹೊಡೆದು ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಈ ಜಾಗವನ್ನು ಯಾರೂ ಕರೆದು ಕೊಟ್ಟಿದ್ದಲ್ಲ. ಅರ್ಹತಾ ಸುತ್ತು ಆಡಿ ಹುಡುಗಿಯರೇ ಗಳಿಸಿದ್ದು. ಭುವನೇಶ್ವರದ ಮೂರು ರಾತ್ರಿಗಳಿಗಿಂತ ಬಿಷ್ಕೆಕ್‌ನ ಆ ಒಂದು ಪಂದ್ಯ ನನಗೆ ದೊಡ್ಡದು.

ಆದ್ದರಿಂದ ಫೆಡರೇಷನ್ನಿಗೂ ಸರ್ಕಾರಕ್ಕೂ ನನ್ನ ಒತ್ತಾಯ ಇಷ್ಟು. ಇನ್ನೊಂದು ವಿಶ್ವಕಪ್ ಕೇಳಿ ಅರ್ಜಿ ಹಾಕುವ ಮೊದಲು, ಹನ್ನೆರಡರಿಂದ ಹದಿನೇಳರ ಹುಡುಗಿ ವರ್ಷಕ್ಕೆ ಎಷ್ಟು ಪಂದ್ಯ ಆಡುತ್ತಾಳೆ ಎಂಬ ಲೆಕ್ಕವನ್ನು ಜಿಲ್ಲೆವಾರು ಪ್ರಕಟಿಸಿ. ತಂಡ ಹೊರಗೆ ಹೋದಾಗ ಜೊತೆಗೆ ಮಹಿಳಾ ಕೋಚ್ ಇರಲಿ, ದೂರು ಕೇಳಲು ಫೆಡರೇಷನ್ನಿನ ಹಂಗಿಲ್ಲದ ಒಬ್ಬರು ಇರಲಿ. ಶಾಲಾ ಕ್ರೀಡಾಕೂಟದ ನಾಕೌಟ್ ತೆಗೆದು ಲೀಗ್ ಮಾಡಿ. ತಾಲ್ಲೂಕಿಗೆ ನಾಲ್ಕೇ ತಂಡ ಇದ್ದರೂ ಸಾಕು, ಜೂನ್‌ನಿಂದ ಡಿಸೆಂಬರ್‌ವರೆಗೆ ಶನಿವಾರ ಮಧ್ಯಾಹ್ನ ಆಡಿಸಬಹುದು. ಅಕ್ಕನ ಮಗಳ ಶಾಲೆಯ ಗೋಲುಕಂಬಕ್ಕೆ ಬಲೆ ಇಲ್ಲ. ಅದನ್ನು ಬೇಕಾದರೆ ಆಮೇಲೆ ಕಟ್ಟಿಸಿ, ಮೊದಲು ಎದುರಿಗೆ ಆಡಲು ಒಂದು ತಂಡ ಕಳಿಸಿ.